ಸಹಿ ಯಾರದು?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. ಶಾಸನ ಮುಗಿಯುವಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅರಸನ ಮಾತಿನ ಕೆಳಗೆ ಕೆಲಸಗಾರನ ಸಹಿ ಬಿದ್ದಿದೆ.

ಆಸ್ಪತ್ರೆಯ ಕೇಸ್ ಶೀಟಿನಲ್ಲೂ ಅಂಥದೊಂದು ಜಾಗವಿರುತ್ತದೆ. ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೆ ಎಂಬ ಸಾಲಿನ ತುದಿಯಲ್ಲಿ ಕೊಟ್ಟವರ ಸಹಿ ಇರಬೇಕು. ಡಾಕ್ಟರು ಬರೆದದ್ದು ರೋಗಿಯ ಮೈಗೆ ಇಳಿಯುವುದು ಆ ಸಹಿ ಹಾಕುವ ಕೈಯಿಂದ. ನಕಲಿ ಸರ್ಟಿಫಿಕೇಟು, ಇನ್ನೊಬ್ಬರ ನೋಂದಣಿ ಸಂಖ್ಯೆ ಅಥವಾ ಬರೀ ಬಿಳಿ ಉಡುಪಿನ ಬಲದಿಂದ ನರ್ಸ್ ಕೆಲಸಕ್ಕೆ ನಿಲ್ಲುವ ರೂಢಿಯನ್ನು ತೂಗಿ ನೋಡಬೇಕಾದರೆ ಈ ಸಹಿಯಿಂದಲೇ ಶುರು ಮಾಡಬೇಕು. ಆ ರೂಢಿ ಮೊದಲು ಸುಳ್ಳಾಗಿಸುವುದು ಇದನ್ನೇ.

ಆ ಸಹಿಯ ತೂಕ ತಿಳಿಯಲು ಚಳ್ಳಕೆರೆ ಸೀಮೆಯ ಶೇಂಗಾ ಹೊಲವನ್ನು ನೆನೆಸಿಕೊಳ್ಳಿ. ಗಿಡ ಕೀಳುವಾಗ ಕೊಳಕುಮಂಡಲ ಕಚ್ಚಿದರೆ ವಿಷವೇರಿದ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಒಣಗಿದ, ಶುಚಿಯಾದ ಗಾಜಿನ ಕೊಳವೆಗೆ ಎರಡು ಎಂ.ಎಲ್. ರಕ್ತ ತೆಗೆದು, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಇದು ಹಾಸಿಗೆಯ ಪಕ್ಕದಲ್ಲೇ ಆಗುವ ಪರೀಕ್ಷೆ. ಸೋಪು ಹಾಕಿ ತೊಳೆದ ಕೊಳವೆ ಹಿಡಿದರೂ, ಅವಸರದಲ್ಲಿ ನಡುವೆ ಅಲುಗಿಸಿದರೂ ಉತ್ತರ ತಪ್ಪುತ್ತದೆ. ವಿಷಕ್ಕೆ ಮದ್ದಾದ ಎ.ಎಸ್.ವಿ. ಹನಿಸತೊಡಗಿದ ಮೇಲೂ ಕಣ್ಣು ತೆಗೆಯುವಂತಿಲ್ಲ. ಮೈಮೇಲೆ ಗಂಧೆ ಏಳುವುದು, ವಾಂತಿ, ಉಸಿರಿನ ಎಳೆತ, ಬಿ.ಪಿ. ಕುಸಿತ, ಇವುಗಳಲ್ಲಿ ಒಂದು ಕಂಡರೂ ಡ್ರಿಪ್ ನಿಲ್ಲಿಸಿ, ಡಾಕ್ಟರನ್ನು ಕೂಗಿ, ಮೊದಲೇ ಸಿದ್ಧವಾಗಿಟ್ಟ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಚುಚ್ಚಬೇಕು. ಆ ಹೊತ್ತಿನಲ್ಲಿ ರೋಗಿಯನ್ನು ಕಾಯುವವಳು ನರ್ಸ್. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸಾರಿತು. ವರದಿಯಲ್ಲಿ ಲೆಕ್ಕ ಸಿಗುತ್ತದೆ, ಜೀವ ಉಳಿಯುವುದು ಹಾಸಿಗೆಯ ಪಕ್ಕದಲ್ಲಿ.

ಸಕ್ಕರೆ ಕಾಯಿಲೆಯ ಸೂಜಿಯಲ್ಲೂ ಇಂಥ ಗಂಡಾಂತರ ಅಡಗಿದೆ. ನಮ್ಮಲ್ಲಿ ಇನ್ಸುಲಿನ್ ಒಂದು ಎಂ.ಎಲ್.ಗೆ 40 ಯೂನಿಟ್ಟಿನದೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ರಾತ್ರಿ ಮಲಗಿದ ಮುದುಕಪ್ಪ ಬೆಳಿಗ್ಗೆ ಏಳದಿರಲು ಅಷ್ಟು ಸಾಕು. ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಕಲಿಸುವುದು ಇಂಥ ಎಚ್ಚರವನ್ನೇ. ಪುಸ್ತಕದಿಂದ ಅದು ಬರುವುದು ಸ್ವಲ್ಪ, ಹೆಚ್ಚಿನದು ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತು ತಿದ್ದಿದ ಗಂಟೆಗಳಿಂದ. ಸರ್ಟಿಫಿಕೇಟು ಆ ಗಂಟೆಗಳ ರಸೀದಿ. ಗಂಟೆಗಳಿಲ್ಲದ ರಸೀದಿ ಎಷ್ಟೇ ಚೆನ್ನಾಗಿ ಅಚ್ಚಾಗಿದ್ದರೂ ಖೊಟ್ಟಿ.

ಈ ಖೊಟ್ಟಿತನದಲ್ಲಿ ಬಗೆಗಳಿವೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಮೊದಲನೆಯದು ವೇಷ. 2024ರ ನವೆಂಬರಿನಲ್ಲಿ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ನರ್ಸ್ ವೇಷದಲ್ಲಿ ಬಂದ ಹೆಂಗಸರು ರಕ್ತ ಪರೀಕ್ಷೆಯ ನೆಪ ಹೇಳಿ ಹಸುಗೂಸನ್ನು ಎತ್ತಿಕೊಂಡು ಹೋದರು. ಪೊಲೀಸರು ಎರಡು ದಿನದೊಳಗೆ ಮಗುವನ್ನು ಪತ್ತೆ ಮಾಡಿ ತಾಯಿಗೆ ಒಪ್ಪಿಸಿದರು. ಮಗು ಸಿಕ್ಕಿತು, ಆದರೆ ಆ ವಾರ್ಡಿನ ಬಾಣಂತಿಯರಿಗೆ ಬಿಳಿ ಉಡುಪಿನ ಮೇಲಿದ್ದ ನಂಬಿಕೆ ಅಷ್ಟೇ ಸುಲಭವಾಗಿ ಮರಳಿರಲಾರದು. ನಿಜವಾದ ನರ್ಸುಗಳ ದುಡಿಮೆಯಿಂದ ಕೂಡಿಟ್ಟ ಗಂಟು ಅದು.

ಎರಡನೆಯದು ಕೊಂಡ ಕಾಗದ. 2023ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ‘ಆಪರೇಷನ್ ನೈಟಿಂಗೇಲ್’ ಬಯಲಾಯಿತು. ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟವಾಗಿದ್ದವು. ಒಂದೊಂದಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರ್. ಕೊಂಡವರಲ್ಲಿ ಸುಮಾರು 2,400 ಮಂದಿ ಲೈಸೆನ್ಸ್ ಪರೀಕ್ಷೆಯನ್ನು ಪಾಸೂ ಮಾಡಿದ್ದರು. ಪರೀಕ್ಷೆ ಪಾಸಾದ ಮೇಲೆ ತಕರಾರೇನು ಎಂದು ಕೇಳುವವರಿದ್ದಾರೆ. ಗಾಜಿನ ಕೊಳವೆಯನ್ನು 20 ನಿಮಿಷ ಅಲುಗಿಸದೆ ಕಾಯುವ ತಾಳ್ಮೆಯನ್ನು, ನಡುರಾತ್ರಿ ರೋಗಿಯ ಉಸಿರಿನ ಲಯ ಬದಲಾದದ್ದನ್ನು ಗುರುತಿಸುವ ಕಿವಿಯನ್ನು ಉತ್ತರಪತ್ರಿಕೆ ಅಳೆಯಲಾರದು.

ಮೂರನೆಯದು ಇನ್ನೂ ಕಠಿಣ: ಕಾಗದ ಅಸಲಿ, ಕಾಲೇಜೇ ಹುಸಿ. ಮಧ್ಯಪ್ರದೇಶದಲ್ಲಿ ಕಟ್ಟಡ, ಬೋಧಕರು, ಆಸ್ಪತ್ರೆ ಸರಿಯಾಗಿಲ್ಲದ ನರ್ಸಿಂಗ್ ಕಾಲೇಜುಗಳ ಮೇಲೆ ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. 2024ರ ಮೇ ತಿಂಗಳಲ್ಲಿ ಆ ತನಿಖಾ ತಂಡದ ಅಧಿಕಾರಿಗಳೇ ಲಂಚದ ಆರೋಪದಲ್ಲಿ ಬಂಧನಕ್ಕೊಳಗಾದರು. ಬೇಲಿಯೇ ಹೊಲ ಮೇಯ್ದರೆ ಅಂಥ ಕಾಲೇಜಿನಲ್ಲಿ ಫೀಸು ಕಟ್ಟಿದ ಹುಡುಗಿಯನ್ನು ಕಳ್ಳಿ ಎನ್ನುವುದು ಹೇಗೆ? ಅವಳೂ ಮೋಸಹೋದವಳೇ.

ನಾಲ್ಕನೆಯ ಬಗೆಗೆ ಯಾವ ಕಾಗದವೂ ಬೇಕಿಲ್ಲ. ಸಣ್ಣ ಊರುಗಳಲ್ಲಿ ಅದು ಎಷ್ಟು ಸಹಜವಾಗಿ ಬೆರೆತಿದೆ ಎಂದರೆ ನಾವು ಅದನ್ನು ಮೋಸವೆಂದು ಕರೆಯುವುದೂ ಇಲ್ಲ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹಟ್ಟಿಯ ಹುಡುಗಿಗೆ ಒಂದು ಏಪ್ರನ್ ಕೊಟ್ಟು, ತಿಂಗಳೊಪ್ಪತ್ತಿನಲ್ಲಿ ಸೂಜಿ ಹಾಕುವುದು, ಬಾಟ್ಲಿ ಏರಿಸುವುದು ತೋರಿಸಿದರೆ ಅವಳು ‘ಸಿಸ್ಟರ್’. ಸುಸ್ತು ಎಂದು ಬಂದವರು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಹೋಗುತ್ತಾರೆ, ಏರಿಸಿದವರು ಯಾರೆಂದು ಕೇಳುವುದಿಲ್ಲ. ಹುಡುಗಿಗೆ ಸಿಗುವುದು ತೀರ ಕಡಿಮೆ ಸಂಬಳ. ಉಳಿತಾಯವೆಲ್ಲ ಅವಳನ್ನು ಇಟ್ಟುಕೊಂಡವರದು. ಏನಾದರೂ ಹೆಚ್ಚುಕಡಿಮೆಯಾದಾಗ ಬೆರಳು ಮಾತ್ರ ಅವಳ ಕಡೆಗೇ ತಿರುಗುತ್ತದೆ. ಈ ಬಗೆಯ ಹೊಣೆ ಹುಡುಗಿಗಿಂತ ಮೊದಲು ಏಪ್ರನ್ ತೊಡಿಸಿದವರದು ಎಂಬುದು ನನ್ನ ಖಚಿತ ತೀರ್ಮಾನ.

ಇದಕ್ಕೆ ಪ್ರತಿಯಾಗಿ ಒಂದು ವಾದವಿದೆ: ಓದಿದವರು ಹಳ್ಳಿಗೆ ಬರುವುದಿಲ್ಲ, ಕೈ ಪಳಗಿದವರು ಇದ್ದರೆ ಸಾಕು, ಕಾಗದ ಯಾಕೆ? ಈ ವಾದಕ್ಕೆ ಚಳ್ಳಕೆರೆಯ ನೆರೆಯ ಪಾವಗಡ ತಾಲ್ಲೂಕಿನಲ್ಲೇ ಉತ್ತರವಿದೆ. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಬಳಿ ಯಾವ ನರ್ಸಿಂಗ್ ಸರ್ಟಿಫಿಕೇಟೂ ಇರಲಿಲ್ಲ. ಆದರೆ ಅಜ್ಜಿಯಿಂದ ಕಲಿತ ವಿದ್ಯೆಯನ್ನು ಅವರು ಅಜ್ಜಿಯಿಂದ ಕಲಿತ ವಿದ್ಯೆಯೆಂದೇ ಹೇಳಿಕೊಂಡರು, ಸೂಲಗಿತ್ತಿ ಎಂಬ ಹೆಸರಿನಲ್ಲೇ ಬಾಳಿದರು. ಬಾಣಂತಿಯ ಮನೆಯವರಿಗೆ ತಾವು ಯಾರನ್ನು ಕರೆದಿದ್ದೇವೆ ಎಂಬುದು ಗೊತ್ತಿತ್ತು. ಕಾಗದ ಇಲ್ಲದಿರುವುದಕ್ಕೂ ಕಾಗದದ ಬಗ್ಗೆ ಸುಳ್ಳು ಹೇಳುವುದಕ್ಕೂ ಇರುವ ದೂರ ಇದು. ನಕಲಿ ನರ್ಸ್ ಕಸಿದುಕೊಳ್ಳುವುದು ರೋಗಿಯ ತಿಳಿದು ಒಪ್ಪುವ ಹಕ್ಕನ್ನು.

ಕಾನೂನು ಇಲ್ಲವೆಂದಲ್ಲ. 1961ರ ಕಾಯ್ದೆಯಡಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಖಾಸಗಿ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಿದೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ನಕಲಿ ವೈದ್ಯರ ಹಾವಳಿ ತಡೆಯಲು 2024ರಲ್ಲಿ ಸರ್ಕಾರ ಬೋರ್ಡುಗಳಿಗೇ ಬಣ್ಣ ಗೊತ್ತುಮಾಡಿತು: ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ತಿಳಿಹಸಿರು. ಒಳ್ಳೆಯ ಕ್ರಮ. ಆದರೆ ಅದರ ಕಣ್ಣು ಡಾಕ್ಟರ ಕೋಣೆಯ ಬಾಗಿಲಿನವರೆಗೆ ಮಾತ್ರ. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡುವವಳ ಅರ್ಹತೆಯನ್ನು ಯಾವ ಬಣ್ಣವೂ ಹೇಳುವುದಿಲ್ಲ.

ಮೊಳಕಾಲ್ಮುರಿನಂಥ ತಾಲ್ಲೂಕಿನಲ್ಲಿ ಇದು ಇನ್ನೂ ಜಟಿಲ. ಗಡಿ ದಾಟಿದರೆ ಆಂಧ್ರದ ರಾಯದುರ್ಗ. ಜನ ಕೂಲಿಗೆ, ಮದುವೆಗೆ, ಆಸ್ಪತ್ರೆಗೆ ಅತ್ತಿತ್ತ ಓಡಾಡುತ್ತಲೇ ಇರುತ್ತಾರೆ. ನೋಂದಣಿ ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆ ತೋರಿಸಿದರೆ ತಾಳೆ ನೋಡುವವರು ಬೇಕು. ಭಾರತೀಯ ಶುಶ್ರೂಷಾ ಪರಿಷತ್ತು ದೇಶಕ್ಕೆಲ್ಲ ಒಂದೇ ಗುರುತು ಸಂಖ್ಯೆ ಕೊಡುವ ವ್ಯವಸ್ಥೆ ಮಾಡಿದೆ, 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯೂ ರಾಷ್ಟ್ರೀಯ ದಾಖಲೆ ಪುಸ್ತಕದ ಮಾತಾಡುತ್ತದೆ. ಆ ದಾಖಲೆ ದೆಹಲಿಯ ಕಂಪ್ಯೂಟರಿನಲ್ಲಿ ಉಳಿದರೆ ಹಟ್ಟಿಯವರಿಗೆ ದಕ್ಕುವುದಿಲ್ಲ. ಪ್ರತಿ ನರ್ಸಿನ ಎದೆಯ ಮೇಲೆ ಹೆಸರು, ಓದು, ನೋಂದಣಿ ಸಂಖ್ಯೆ ಕನ್ನಡದಲ್ಲಿ ಇರಲಿ. ಪ್ರತಿ ಪಾಳಿಯವರ ಪಟ್ಟಿ ಗೋಡೆಯ ಮೇಲಿರಲಿ. ತರಬೇತಿ ಇಲ್ಲದವರು ಸಹಾಯಕರೆಂದೇ ಕರೆಸಿಕೊಳ್ಳಲಿ, ಅವರ ಉಡುಪಿನ ಬಣ್ಣ ಬೇರೆಯಿರಲಿ. ಕೆಲಸದಲ್ಲಿ ಕೈ ಪಳಗಿದ ಹುಡುಗಿಯರಿಗೆ ಓದಲು ನೆರವು, ಓದಿದವರಿಗೆ ಬದುಕುವಷ್ಟು ಸಂಬಳ ಸಿಗಲಿ. ಇವೆರಡೂ ಆಗದೆ ಬರೀ ದಾಳಿ ಮಾಡಿದರೆ ಇಂದು ಮುಚ್ಚಿದ ಬಾಗಿಲು ನಾಳೆ ಬೇರೆ ಬೀದಿಯಲ್ಲಿ ತೆರೆಯುತ್ತದೆ.

ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರ ತಂದು ಮುಂದಿಡುತ್ತಾರೆ. ಓದು ಬಾರದ ತಾಯಿ ಶಾಯಿಗೆ ಹೆಬ್ಬೆರಳು ಅದ್ದಿ ಒತ್ತುತ್ತಾಳೆ. ಲೋಕದಲ್ಲಿ ಇನ್ನಾರಿಗೂ ಇಲ್ಲದ ತನ್ನ ಗೆರೆಗಳನ್ನು ಅವಳು ಆ ಕಾಗದಕ್ಕೆ ಕೊಟ್ಟಿರುತ್ತಾಳೆ. ಅದೇ ಕಡತದ ಮುಂದಿನ ಹಾಳೆಯಲ್ಲಿ, ಔಷಧಿ ಕೊಟ್ಟವರ ಸಾಲಿನಲ್ಲಿ, ಅವಳ ಹೆಬ್ಬೆಟ್ಟಿನಷ್ಟೇ ನಿಜವಾದ ಒಂದು ಸಹಿ ಇರಬೇಕು.