ಶೀತದ ಗುಳಿಗೆಗೆ ಸಲ್ಲದ ಕೀರ್ತಿ

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗ ಜಿಲ್ಲೆಯ ಆಯನೂರಿನ ಮನೆಮನೆಯಲ್ಲೂ ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ. ಮೆಡಿಕಲ್ ಶಾಪಿಗೆ ಹೋಗಿ "ಶೀತ, ಕೆಮ್ಮಿಗೆ ಏನಾದ್ರೂ ಕೊಡಿ" ಅಂದರೆ ಸಾಕು, ಸ್ಟ್ರಿಪ್ಪಿನಿಂದ ಕತ್ತರಿಸಿದ ಮೂರು ಅಜಿತ್ರೋಮೈಸಿನ್ ಆ್ಯಂಟಿಬಯೋಟಿಕ್ ಗುಳಿಗೆ, ಶೀತದ ಮಾತ್ರೆ, ಒಂದು ಸಿರಪ್ಪು ಕೈಗೆ ಬರುವುದುಂಟು. ಶಿವಮೊಗ್ಗ, ಭದ್ರಾವತಿಯಲ್ಲೂ ಹೊಸತಲ್ಲದ ಈ ರೂಢಿಯನ್ನು ಒರೆಗೆ ಹಚ್ಚಲೇಬೇಕು.

ಇದರ ಪರವಾಗಿ ಎಲ್ಲರೂ ಹೇಳುವುದು ಒಂದೇ: "ತಗೊಂಡ ಮೇಲೆ ಕಡಿಮೆಯಾಯ್ತಲ್ಲ!" ಈ ಸಾಕ್ಷಿ ನಿಲ್ಲುವುದಿಲ್ಲ. ವೈರಸ್ಸಿನ ಶೀತ ಎರಡು ಮೂರು ದಿನ ಏರಿ, 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ನಾವು ಅಂಗಡಿಗೆ ಓಡುವುದು ಅದು ಜೋರಾದ ದಿನ. ಅಲ್ಲಿಂದಾಚೆ ಏನು ನುಂಗಿದರೂ ಕೀರ್ತಿ ಗುಳಿಗೆಗೇ ಸಲ್ಲುತ್ತದೆ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದರಿಂದ ಏನೂ ಆಗದು. ಬೇಡದಾಗ ನುಂಗಿದರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಪಳಗುತ್ತವೆ, ನಿಜವಾದ ನ್ಯುಮೋನಿಯಾ ಬಂದಾಗ ಅದು ಕೆಲಸಕ್ಕೆ ಬಾರದೆ ಹೋಗಬಹುದು. ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಇರುತ್ತದೆ. ಜೊತೆಗೆ ಜ್ವರದ ಮಾತ್ರೆಯನ್ನೂ ತಿಂದರೆ ಡೋಸು ಇಮ್ಮಡಿಯಾಗಿ ಲಿವರ್‌ಗೆ ಪೆಟ್ಟಾಗಬಹುದು.

ಮಕ್ಕಳ ಸಿರಪ್ಪಿನ ವಿಷಯವಂತೂ ಕರುಳು ಹಿಂಡುವಂಥದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ಪು ಕುಡಿದ ಎಳೆಯ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಎರಡು ವರ್ಷದೊಳಗಿನವರಿಗೆ ಶೀತ, ಕೆಮ್ಮಿನ ಔಷಧಿ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಎಚ್ಚರಿಸಿತು.

ಹಾಗಾದರೆ ಅಜ್ಜಿಯ ಮೆಣಸು, ಶುಂಠಿಯ ಕಷಾಯ? ಅದೂ ವೈರಸ್ಸನ್ನು ಕೊಲ್ಲದು. ಆದರೆ ಬಿಸಿ ದ್ರವ ಗಂಟಲಿಗೆ ಹಿತ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಒಂದು ಚಮಚ ಜೇನು ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಜೇನು ಅಪಾಯ. ಕುದಿನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡುವುದು ಬೇಡ, ಸುಟ್ಟ ಗಾಯವಾದೀತು.

ಮನೆಮದ್ದಿಗೂ ಒಂದು ಗಡಿಯಿದೆ. ಉಸಿರು ಮೇಲೆಮೇಲೆ ಬಂದರೆ, ಎದೆಗೂಡು ಒಳಸೆಳೆದರೆ, ಮಗು ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕು. ಎಲ್ಲ ಜ್ವರವೂ ಶೀತದ್ದಲ್ಲ: 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ಕಾಡಿಗೆ ಹೋಗಿಬಂದವರಿಗೆ ಏಕಾಏಕಿ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಅದನ್ನು ಶೀತವೆಂದು ತಳ್ಳಿಹಾಕದೆ ರಕ್ತ ಪರೀಕ್ಷೆ ಮಾಡಿಸಬೇಕು.

ಕೊಡುವವರಷ್ಟೇ ಕೇಳುವವರೂ ಈ ರೂಢಿಗೆ ಹೊಣೆ. "ಬರೀ ಶೀತ, ಮಾತ್ರೆ ಬೇಡ" ಎಂದ ಡಾಕ್ಟರನ್ನು ಕೈಗುಣವಿಲ್ಲದವರೆಂದು ಜರೆಯುವುದನ್ನು ನಾವು ಮೊದಲು ಬಿಡಬೇಕು. ಚೀಟಿ ಬರೆಯದೆಯೂ ಅವರು ಸರಿಯಾದ ಚಿಕಿತ್ಸೆಯನ್ನೇ ಕೊಟ್ಟಿರುತ್ತಾರೆ.