ಮೀಸೆ ಮೂಡಿದವನ ಗೋಲು

ಕಳೆದ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಹದಿನಾಲ್ಕರೊಳಗಿನ ಹುಡುಗರ ಪಂದ್ಯ ನೋಡುತ್ತ ನಿಂತಿದ್ದೆ. ಒಂದು ತಂಡದ ಸ್ಟ್ರೈಕರ್‌ಗೆ ಆಗಲೇ ಮೀಸೆ ಮೂಡಿದೆ, ದನಿ ಒಡೆದಿದೆ. ಅವನನ್ನು ಕಾಯಬೇಕಾದ ಡಿಫೆಂಡರ್‌ನ ತಲೆ ಅವನ ಭುಜ ಮುಟ್ಟುವುದಿಲ್ಲ. ಹಿಂದಿನಿಂದ ಯಾರೋ ಉದ್ದಕ್ಕೆ ಒದೆಯುತ್ತಾರೆ, ಇವನು ಓಡುತ್ತಾನೆ, ಅವನು ಮೂರು ಹೆಜ್ಜೆ ಹಿಂದೆ ಬೀಳುತ್ತಾನೆ, ಗೋಲು. ಅರ್ಧ ಗಂಟೆಯಲ್ಲಿ ಇದೇ ಗೋಲನ್ನು ನಾಲ್ಕು ಸಲ ನೋಡಿದೆವು. ಪಕ್ಕದಲ್ಲಿದ್ದ ಒಬ್ಬರು, “ಬೆಳೆಯ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ ನೋಡಿ ಸಾರ್” ಎಂದರು. ನಾನು ಸುಮ್ಮನೆ ನಕ್ಕೆ. ಏಪ್ರಿಲ್‌ನಲ್ಲಿ ನೀಲಂ ಮಾವು ಕಚ್ಚಿ ಹುಳಿ ಎಂದು ಎಸೆಯುವವರ ಜೊತೆ ವಾದ ಮಾಡುವುದುಂಟೆ?

ಹುಡುಗರ ಮೈ ಒಂದೇ ಸಮನೆ ಬೆಳೆಯುವುದಿಲ್ಲ. ಒಂದು ಹಂತದಲ್ಲಿ ಅದು ದಾಪುಗಾಲು ಹಾಕುತ್ತದೆ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಮಾಂಸಖಂಡದ ಕಸುವು ತುಂಬಿಕೊಳ್ಳುವುದಕ್ಕೆ ಇನ್ನಷ್ಟು ತಿಂಗಳು ಬೇಕು. ಬೆಲ್ಜಿಯಂನ ಗೆಂಟ್‌ನಲ್ಲಿ 33 ಬಾಲ ಆಟಗಾರರನ್ನು ಐದು ವರ್ಷ ಬಿಡದೆ ಅಳೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವರ ಎತ್ತರ ಅತಿ ಜೋರಾಗಿ ಏರಿದ್ದು ಸರಾಸರಿ 13.8ನೇ ವಯಸ್ಸಿನಲ್ಲಿ, ವರ್ಷಕ್ಕೆ 9.7 ಸೆಂಟಿಮೀಟರ್ ಲೆಕ್ಕದಲ್ಲಿ. ಓಟ, ನೆಗೆತ, ದಮ್ಮು, ಸಮತೋಲನ ಹೆಚ್ಚು ಸುಧಾರಿಸಿದ್ದೂ ಅದೇ ಹೊತ್ತಿಗೆ. ಮೈ ಬಾಗುವ ಗುಣ ಮಾತ್ರ ಅದರ ಮರುವರ್ಷ. ಆದರೆ 13.8 ಬರೀ ಸರಾಸರಿ. ಒಬ್ಬನಿಗೆ ಈ ಜಿಗಿತ ಹನ್ನೆರಡೂವರೆಗೇ ಬಂದರೆ ಇನ್ನೊಬ್ಬ ಹದಿನೈದರವರೆಗೂ ಕಾಯುತ್ತಾನೆ. ಇಬ್ಬರೂ ತೊಟ್ಟಿರುವುದು ಒಂದೇ ಜೆರ್ಸಿ. ನಾಲ್ಕು ಗೋಲಿನಲ್ಲಿ ಎಷ್ಟು ಅವನ ಆಟದ್ದು, ಎಷ್ಟು ಅವನ ಹಾರ್ಮೋನಿನದು ಎಂದು ಬಿಡಿಸಿ ಹೇಳುವವರಾರು?

ಇದಕ್ಕೆ ಕ್ಯಾಲೆಂಡರಿನ ಗೊಂದಲ ಬೇರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. 1997ರಲ್ಲಿ ಬೆಲ್ಜಿಯಂ ವಯೋಗುಂಪಿನ ಗಡಿಯನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಸರಿಸಿತು. ಅಲ್ಲಿಯವರೆಗೆ ಆಗಸ್ಟ್-ಅಕ್ಟೋಬರ್‌ನವರಿಗಿದ್ದ ‘ಪ್ರತಿಭೆ’ ನೋಡನೋಡುತ್ತಲೇ ಜನವರಿ-ಮಾರ್ಚ್‌ನವರ ಪಾಲಾಯಿತು. ಗರ್ಭದಲ್ಲಿದ್ದ ಯಾವ ಮಗುವಿಗೂ ಇದರ ಸುದ್ದಿ ಮುಟ್ಟಿರಲಿಲ್ಲ. ನಮ್ಮಲ್ಲಿನ ಕಥೆ ಇನ್ನೂ ಸೊಗಸು. ಹುಟ್ಟಿದ ದಿನ ಬರೆಯಲು ಹಳೇ ಮೇಷ್ಟ್ರುಗಳಿಗೆ ಜೂನ್ 1 ಬಲು ಪ್ರೀತಿಯ ದಿನ. ದಾಖಲೆಯಲ್ಲಿ ನನಗೂ ನನ್ನಣ್ಣನಿಗೂ ಅದೇ ಹುಟ್ಟುಹಬ್ಬ. ಅಮ್ಮನ ಲೆಕ್ಕದಲ್ಲಿ ಒಬ್ಬ ಸೋನೆ ಮಳೆಗೆ, ಇನ್ನೊಬ್ಬ ಸುಗ್ಗಿಗೆ. ಇಂಥ ಕಾಗದಗಳನ್ನು ನಂಬಲಾರದೆ ಫಿಫಾ 2009ರ ಹದಿನೇಳರೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐಗೆ ಮೊರೆಹೋಯಿತು. ಮೂಳೆಯ ತುದಿ ಪೂರ್ತಿ ಬೆಸೆದಿದ್ದರೆ ಹುಡುಗ ಹೊರಗೆ.

ಹುಟ್ಟಿದ ತಿಂಗಳು ಬೇರೆ, ಮೈ ಮಾಗುವ ಕಾಲ ಬೇರೆ. ಡಿಸೆಂಬರ್ ಹುಡುಗ ಬೇಗ ಬೆಳೆದು ಜನವರಿಯವನನ್ನು ತಳ್ಳಿಕೊಂಡು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಹಾಗಾದರೆ ಈ ವಯಸ್ಸಿನ ಆಟದಲ್ಲಿ ನೋಡುವುದೇನನ್ನು? ಪೋರ್ಚುಗಲ್‌ನ 13ರಿಂದ 15ರ ಆಟಗಾರರನ್ನು ಪರೀಕ್ಷಿಸಿದ ರಾಬರ್ಟ್ ಮಲಿನಾ ಮತ್ತು ಸಂಗಡಿಗರಿಗೆ ಕಂಡದ್ದು ಇದು: ಓಟಕ್ಕೂ ನೆಗೆತಕ್ಕೂ ಮಾಗಿದ ಮೈಯ ನೆರವು ಚೆನ್ನಾಗಿಯೇ ಇದೆ, ಚೆಂಡಿನ ಕೈಚಳಕಕ್ಕೆ (ಕಾಲ್ಚಳಕ ಎನ್ನಬೇಕೋ) ಅದರ ನೆರವು ಕಡಿಮೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಚೆಂಡು ಬರುವ ಮುನ್ನ ಹುಡುಗ ಕತ್ತು ತಿರುಗಿಸಿ ಹಿಂದೆ ನೋಡಿದನೇ ಎಂಬ ಕಡೆಗೆ. ಆಮೇಲೆ ಮೊದಲ ಸ್ಪರ್ಶ: ಚೆಂಡು ಪಾದದಡಿ ಸತ್ತು ಬಿತ್ತೋ, ಮುಂದಿನ ಹೆಜ್ಜೆಗೆ ತಾನಾಗಿ ಸರಿದು ನಿಂತಿತೋ? ಎಡಗಾಲು ಬರೀ ಊರಿ ನಿಲ್ಲುವುದಕ್ಕೋ, ಆಟಕ್ಕೂ ಉಂಟೋ? ಇವಕ್ಕೆ ಮೀಸೆ ಬೇಕಿಲ್ಲ.

ಇಲ್ಲೂ ಒಂದು ಎಚ್ಚರ ಬೇಕು. ಹೋದ ವರ್ಷ ಚೆಂಡನ್ನು ಬೆಣ್ಣೆಯಂತೆ ಇಳಿಸಿಕೊಳ್ಳುತ್ತಿದ್ದ ಹುಡುಗ ಈ ವರ್ಷ ಮೊಣಕಾಲಿಗೆ ಬಡಿಸಿಕೊಳ್ಳುತ್ತಾನೆ. ಆಟ ಮರೆತಿದ್ದಾನೆಂದು ಕೋಚ್ ಅವನನ್ನು ಬೆಂಚಿಗೆ ಕಳಿಸುತ್ತಾರೆ. ಪಾಪ, ರಾತ್ರೋರಾತ್ರಿ ಅವನ ಕಾಲಿಗೆ ಯಾರೋ ಮರಗಾಲು ಕಟ್ಟಿದಂತಾಗಿದೆ. ಮೆದುಳು ಇನ್ನೂ ಹಳೇ ಉದ್ದದ ಲೆಕ್ಕದಲ್ಲೇ ಇದೆ. ಮಂಡಿಚಿಪ್ಪಿನ ಕೆಳಗೆ ಗಂಟು, ಹಿಮ್ಮಡಿ ನೋವು ಕಾಣಿಸಿಕೊಳ್ಳುವುದೂ ಆಗಲೇ. ಬೆಳೆಯುತ್ತಿರುವ ಎಳೆ ಮೂಳೆಯನ್ನು ಸ್ನಾಯುರಜ್ಜು ಜಗ್ಗುವುದರಿಂದ ಬರುವ ನೋವದು. ಅಂಥವನಿಗೆ ಬೇಕಾದ್ದು ಕಡಿಮೆ ಓಟ, ಹೆಚ್ಚು ತಾಳ್ಮೆ. ನಮ್ಮ ಮೈದಾನಗಳಲ್ಲಿ ಅವನಿಗೆ ಸಿಗುವುದು ಹತ್ತು ಸುತ್ತು ಹೆಚ್ಚುವರಿ ಓಟ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಮೈ ಮಾಗುವ ಈ ಅಂತರಕ್ಕೊಂದು ಉಪಾಯ ಪ್ರಯೋಗಿಸಿವೆ. ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಅದರ ಹಿಂದಿರುವವರಲ್ಲಿ ಒಬ್ಬರು. ಹುಡುಗನ ಎತ್ತರ, ತೂಕ, ಅಪ್ಪ-ಅಮ್ಮನ ಎತ್ತರ ಹಿಡಿದು ಅವನು ದೊಡ್ಡವನಾದಾಗ ಎಷ್ಟು ಎತ್ತರವಾದಾನು ಎಂದು ಅಂದಾಜಿಸಿ, ಅದರ ಶೇಕಡಾ 85ರಿಂದ 90 ಮುಟ್ಟಿದವರನ್ನು ವಯಸ್ಸು ನೋಡದೆ ಒಟ್ಟಿಗೆ ಆಡಿಸಿದರು. ತಡವಾಗಿ ಬೆಳೆಯುವವರು ಮೊದಲ ಸಲ ಆಟವನ್ನು ನಡೆಸಿದರು. ನನಗೆ ಹೆಚ್ಚು ಹಿಡಿಸಿದ್ದು ಬೇಗ ಬೆಳೆದವರ ಮಾತು: ತಳ್ಳಿ ಗೆಲ್ಲಲಾಗದೆ ಪಾಸ್ ಕೊಡಬೇಕಾಯಿತು, ಯೋಚಿಸಬೇಕಾಯಿತು ಎಂದರು. ಬೇಗ ಬೆಳೆದವನಿಗೂ ಅನ್ಯಾಯವೇ ಆಗುತ್ತಿತ್ತು. ಓಡಿಯೇ ಗೆಲ್ಲುವವನಿಗೆ ಬೇರೇನನ್ನೂ ಯಾರೂ ಕಲಿಸುವುದಿಲ್ಲ. ಹಾಗೆಂದು ಪ್ರತಿ ವಾರ ಹೀಗೇ ಆಡಿಸಬೇಕೆಂದು ನಾನು ಹೇಳಲಾರೆ. ಗೆಳೆಯರ ಜೊತೆ ಆಡುವುದೂ ಒಂದು ಪಾಠವೇ.

ಎಳವೆಯಲ್ಲಿ ಕೈಬಿಡಿಸಿಕೊಂಡವರೂ ಮುಂದೆ ಬೆಳಗಿದ್ದುಂಟು. ಹ್ಯಾರಿ ಕೇನ್ ಹುಟ್ಟಿದ್ದು ಜುಲೈ 28ಕ್ಕೆ, ಇಂಗ್ಲೆಂಡಿನ ವಯೋಗುಂಪಿನ ಲೆಕ್ಕದಲ್ಲಿ ಕೊನೆಯ ಕಡೆಗೆ. ಎಂಟರ ವಯಸ್ಸಿಗೆ ಆರ್ಸೆನಲ್ ಅವನನ್ನು ಕೈಬಿಟ್ಟಿತು. ಇಂದು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಅವನದೇ. ಕ್ರೊವೇಷಿಯಾದ ಆಟಗಾರ ಮಾಡ್ರಿಚ್‌ನನ್ನು ಅಲ್ಲಿನ ಹೈದುಕ್ ಸ್ಪ್ಲಿಟ್ ಕ್ಲಬ್ಬಿನವರು ಪೀಚಲು ಎಂದು ಹಿಂದಕ್ಕೆ ಕಳಿಸಿದ್ದರು. ಇಂಥ ಕಥೆ ನಮಗೆ ಸಿಗುವುದು ಗೆದ್ದವರದು ಮಾತ್ರ.

ಭಾನುವಾರದ ಪಂದ್ಯದ ಕೊನೆಗೆ ಆ ಪುಟ್ಟ ಡಿಫೆಂಡರ್ ಒಂದು ಕೆಲಸ ಮಾಡಿದ. ಉದ್ದನೆ ಚೆಂಡು ಬರುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದು, ಸ್ಟ್ರೈಕರ್‌ನ ದಾರಿಗೆ ಅಡ್ಡ ನಿಂತು, ಎಡಗಾಲಲ್ಲಿ ಇಳಿಸಿಕೊಂಡು ತಿರುಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಟ ಮುಗಿದ ಮೇಲೆ ಕಲ್ಲುಕಟ್ಟೆಯ ಮೇಲೆ ಕುಳಿತು ಲೇಸ್ ಬಿಚ್ಚುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಗೊಣಗುತ್ತಿದ್ದರು: “ಈ ಸ್ಟಡ್ಸ್ ತಗೊಂಡು ಮೂರು ತಿಂಗಳಾಗಿಲ್ಲ ಸಾರ್, ಆಗಲೇ ಬೆರಳು ಒತ್ತುತ್ತೆ ಅಂತಾನೆ.”