ನೀರೊಳಗಿನ ಬೆವರನ್ನು ಕಂಡವರಾರು?

ರನ್ನನ ಬಗ್ಗೆ ಒಂದು ಮಾತು ಕನ್ನಡ ತರಗತಿಗಳಲ್ಲಿ, ಉತ್ಸವದ ವೇದಿಕೆಗಳಲ್ಲಿ, ಗದ್ಯಾನುವಾದಗಳ ಮುನ್ನುಡಿಗಳಲ್ಲಿ ಬೇರುಬಿಟ್ಟು ಕೂತಿದೆ. ಕವಿ ಹೊರಟದ್ದು ಭೀಮನನ್ನು ಹೊಗಳಲು, ಬರೆಯುತ್ತ ಬರೆಯುತ್ತ ದುರ್ಯೋಧನ ಅವನ ಕೈಮೀರಿ ಬೆಳೆದುಬಿಟ್ಟ ಎಂಬ ಮಾತು. ಮೆಚ್ಚುಗೆಯ ದನಿಯಲ್ಲಿ ಹೇಳಿದರೂ ಇದು ಕವಿಯ ಮೇಲಿನ ಆರೋಪವೇ. ತಾನು ಏನು ಮಾಡುತ್ತಿದ್ದೇನೆಂಬುದು ರನ್ನನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ದೊಡ್ಡದನ್ನು ಮಾಡಿದ ಎಂದು ಇದರ ಅರ್ಥ. ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, 949ರಲ್ಲಿ, ಕೈ ನೋಡಿಯೇ ಬಳೆಯ ಅಳತೆ ಹೇಳುವ ಬಳೆಗಾರರ ಕುಲದಲ್ಲಿ ಹುಟ್ಟಿ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡವನಿಗೆ ತನ್ನ ಕಾವ್ಯದ ಅಳತೆಯೇ ತಪ್ಪಿತೆಂದು ನಂಬಲು ನಾನು ಸಿದ್ಧನಿಲ್ಲ. ಆ ಅಳತೆ ತಪ್ಪಿರುವುದು ನಮ್ಮ ಓದಿನಲ್ಲಿ. ಕಾವ್ಯ ಯಾರ ಪಕ್ಷ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಕಾವ್ಯ ಯಾರ ಕಣ್ಣಿಂದ ನೋಡುತ್ತಿದೆ ಎಂದು ಕೇಳುವುದನ್ನು ನಾವು ಕಲಿತಿಲ್ಲ.

ಪಕ್ಷ ಬೇರೆ, ಕಣ್ಣು ಬೇರೆ. ತನ್ನ ಗದಾಯುದ್ಧ ಕಾವ್ಯಕ್ಕೆ ಸಾಹಸಭೀಮವಿಜಯ ಎಂದು ಹೆಸರಿಟ್ಟು, ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ರನ್ನ ತನ್ನ ಪಕ್ಷವನ್ನು ಮೊದಲೇ ತೀರ್ಮಾನಿಸಿದ್ದಾನೆ, ಹತ್ತು ಆಶ್ವಾಸಗಳುದ್ದಕ್ಕೂ ಅದನ್ನು ಬಿಟ್ಟುಕೊಟ್ಟಿಲ್ಲ. ಗೆಲ್ಲುವವನು ಭೀಮ, ಧರ್ಮ ಅವನ ಕಡೆಗಿದೆ, ಬಿರುದುಗಳೆಲ್ಲ ಅವನಿಗೇ ಸಲ್ಲುತ್ತವೆ. ಆದರೆ ಕಥೆಯನ್ನು ಯಾವ ಜಾಗದಲ್ಲಿ ನಿಂತು ನೋಡಿದರೆ ಹದಿನೆಂಟು ಪರ್ವಗಳೂ ಒಂದೇ ದಿನದೊಳಗೆ ಕಾಣಿಸುತ್ತವೆ ಎಂಬುದು ಅವನ ಮುಂದಿದ್ದ ಇನ್ನೊಂದು ಪ್ರಶ್ನೆ. ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಿಂದ ಹೇಳುತ್ತೇನೆಂದು ಅವನೇ ಹೇಳಿಕೊಂಡಿದ್ದಾನೆ. ವಿಮರ್ಶಕರು ಈ ಮಾತನ್ನು ತಂತ್ರದ ಮಾತಾಗಿ ಒಂದು ಕಡೆ, ದುರ್ಯೋಧನನ ಔನ್ನತ್ಯವನ್ನು ಪಾತ್ರದ ಮಾತಾಗಿ ಇನ್ನೊಂದು ಕಡೆ ಇಟ್ಟಿದ್ದಾರೆ. ನನ್ನ ವಾದ ಇಷ್ಟೇ: ಇವೆರಡೂ ಒಂದೇ ಆಯ್ಕೆ. ಗದಾಯುದ್ಧದ ದಿನ ನಿಂತು ಹಿಂದಕ್ಕೆ ನೋಡಬಲ್ಲವರು ಯಾರು? ಭೀಮನಿಗೆ ಪ್ರತಿಜ್ಞೆ ಬಾಕಿಯಿದೆ, ಧರ್ಮರಾಯನಿಗೆ ಸಿಂಹಾಸನ ಕಾದಿದೆ, ದ್ರೌಪದಿಗೆ ಕಟ್ಟಬೇಕಾದ ಮುಡಿಯಿದೆ. ಅವರೆಲ್ಲರ ನೋಟ ನಾಳೆಯ ಮೇಲಿದೆ. ನಾಳೆ ಇಲ್ಲದವನು ಒಬ್ಬನೇ. ತಿರುಗಿ ನೋಡುವ ಸಿಂಹವನ್ನು ನಾವು ಕವಿಯೆಂದುಕೊಂಡಿದ್ದೇವೆ; ಆ ಸಿಂಹ ದುರ್ಯೋಧನ.

ರಣರಂಗದ ನಡಿಗೆಯನ್ನು ಈ ಎಚ್ಚರದಿಂದ ಇನ್ನೊಮ್ಮೆ ಓದಬೇಕು. ತಂದೆತಾಯಿಯ ಸಂಧಿಯ ಮಾತನ್ನು ತಳ್ಳಿಹಾಕಿದ ದುರ್ಯೋಧನ ಶರಶಯ್ಯೆಯ ಭೀಷ್ಮನನ್ನು ಕಾಣಲು ಹೊರಡುತ್ತಾನೆ. ದಾರಿ ಹೆಣಗಳ ನಡುವೆ ಹಾಯುತ್ತದೆ. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಕಾಲಿಗೆ ಎದುರಾಗುತ್ತಾರೆ. ಒಂದೊಂದು ಹೆಣದ ಮುಂದೆ ಅವನು ನಿಂತಾಗಲೂ ಒಂದೊಂದು ಪರ್ವ ಮರಳಿ ಬಂದು ನಿಲ್ಲುತ್ತದೆ. ಹಿಂದಿನ ಕಥೆಯನ್ನು ಹೇಳುವುದಕ್ಕೆ ಕವಿಗೆ ನಿರೂಪಕನ ಸಾರಾಂಶ ಬೇಕಾಗಿಲ್ಲ, ನಡೆಯುವವನ ಕಾಲು ನಿಂತರೆ ಸಾಕು. ಜೊತೆಯಲ್ಲಿ ನಡೆಯುವವನು ಯಾರೆಂಬುದನ್ನೂ ಗಮನಿಸಿ. ವ್ಯಾಸಭಾರತದಲ್ಲಿ ದಿವ್ಯದೃಷ್ಟಿ ಪಡೆದು, ಎಲ್ಲವನ್ನೂ ಕಂಡು, ಕುರುಡ ಅರಸನಿಗೆ ಯುದ್ಧವನ್ನೆಲ್ಲ ಹೇಳಿದ ಸಂಜಯ ಅವನು. ಅಲ್ಲಿಯೂ ಶಲ್ಯಪರ್ವದಲ್ಲಿ ಅವನು ಒಂಟಿ ದುರ್ಯೋಧನನಿಗೆ ಎದುರಾಗುತ್ತಾನೆ, ಆದರೆ ಅದು ಕ್ಷಣದ ಭೇಟಿ. ರನ್ನ ಆ ಸರ್ವದರ್ಶಿಯನ್ನು ಅರಮನೆಯ ಪೀಠದಿಂದ ಇಳಿಸಿ, ಹೆಣಗಳ ನಡುವೆ ಎಡವುವ ಅರಸನಿಗೆ ಕೈಕೊಟ್ಟು ನಡೆಸುವ ಸಂಗಾತಿಯಾಗಿ ಮಾಡಿದ. ಮೇಲಿನಿಂದ ನೋಡಿ ಹೇಳುವ ಕಥನ ನೆಲಕ್ಕಿಳಿದು ಪಕ್ಕದಲ್ಲಿ ನಡೆಯತೊಡಗಿತು. ನಿರೂಪಣೆಯ ನಿಲುವು ಬದಲಾದದ್ದನ್ನು ಪಾತ್ರವೊಂದರ ಜಾಗ ಬದಲಿಸಿಯೇ ತೋರಿಸಿದ ಇನ್ನೊಬ್ಬ ಹಳಗನ್ನಡ ಕವಿಯನ್ನು ನಾನು ಓದಿಲ್ಲ.

ಹತ್ತಿರ ನಡೆಯುವುದೆಂದರೆ ಮುದ್ದುಮಾಡುವುದಲ್ಲ. ಅದೇ ರಣರಂಗದಲ್ಲಿ ಮರುಳುಗಳು ದುರ್ಯೋಧನನನ್ನು ಮೂದಲಿಸುತ್ತವೆ, ಮರುಳು ತಾವೋ ಅವನೋ ಎನ್ನುವಷ್ಟು ಅವನನ್ನು ಕೆಳಗಿಳಿಸುತ್ತವೆ. ಅವನ ಛಲ ಎಷ್ಟು ಜೀವ ತಿಂದಿತೆಂಬ ಲೆಕ್ಕ ಅವನ ಕಣ್ಣೆದುರಿಗೇ ಬಿದ್ದಿದೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ಅವನು ಕೈಮುಗಿದಾಗ ನಮಗೆ ಕರುಣೆ ಹುಟ್ಟಿದರೆ ಅದು ಅವನು ನಿರ್ದೋಷಿ ಎಂಬ ಕಾರಣಕ್ಕಲ್ಲ. ಅವನು ಕಂಡದ್ದನ್ನು ಅವನ ಜೊತೆಗೇ ನಾವೂ ಕಂಡೆವು. ಈ ಒಂದು ವಿಷಯದಲ್ಲಿ ರನ್ನ ಪಂಪನಿಗಿಂತ ಮುಂದೆ ಹೋದ ಎನ್ನಲು ನನಗೆ ಹಿಂಜರಿಕೆಯಿಲ್ಲ. ಕರ್ಣನ ಮೇಲಿನ ಒಲವನ್ನು ಪಂಪ ತಾನೇ ಮುಂದೆ ಬಂದು ಓದುಗನಿಗೆ ಹೇಳುತ್ತಾನೆ. ಅದು ಬಹಳ ದೊಡ್ಡ ಕವಿಯ ಮಾತು, ಆದರೂ ಹೊರಗೆ ನಿಂತವನ ಮಾತು. ರನ್ನ ತೀರ್ಪು ಹೇಳುವುದಿಲ್ಲ, ಕಣ್ಣು ಕೊಡುತ್ತಾನೆ.

ಇದಕ್ಕೆ ಕೊನೆಯ ಸಾಕ್ಷಿ ವೈಶಂಪಾಯನ ಸರೋವರ. ಭೀಷ್ಮನ ಸಲಹೆಯಂತೆ ಒಂದು ದಿನ ಕಳೆಯಲು ದುರ್ಯೋಧನ ನೀರಿಗಿಳಿದು ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆ ದನಿ ಕೇಳಿ ಅವನು ನೀರೊಳಗಿದ್ದೂ ಬೆವರಿದನೆಂಬ ಪದ್ಯ ಕನ್ನಡ ಬಲ್ಲವರಿಗೆಲ್ಲ ಬಾಯಿಪಾಠ. ಅದನ್ನು ರೌದ್ರಕ್ಕೆ ಉದಾಹರಣೆಯಾಗಿ, ಅತಿಶಯೋಕ್ತಿಗೆ ಉದಾಹರಣೆಯಾಗಿ ಸಾವಿರ ಸಲ ಎತ್ತಿ ತೋರಿಸಿದ್ದಾರೆ. ನನಗೆ ಬೇಕಾದ್ದು ತೀರ ಸರಳವಾದ ಪ್ರಶ್ನೆ: ನೀರೊಳಗಿನ ಬೆವರನ್ನು ಕಂಡವರಾರು? ದಡದ ಮೇಲಿನ ಪಾಂಡವಸೇನೆಗೆ ಅದು ಕಾಣುವುದು ಸಾಧ್ಯವಿಲ್ಲ. ಭೀಮನಿಗೂ ಇಲ್ಲ, ಕೃಷ್ಣನಿಗೂ ಇಲ್ಲ. ಕೊಳದ ನೀರಿನಲ್ಲಿ ಬೆವರು ಬೇರೆಯಾಗಿ ತೋರುವುದೇ ಇಲ್ಲ, ಬೆವರಿದವನ ಮೈಗೆ ಮಾತ್ರ ಅದು ಗೊತ್ತು. ಆ ಪದ್ಯದಲ್ಲಿ ನಿರೂಪಣೆ ನೀರಿಗಿಳಿದಿದೆ, ಅರಸನ ಚರ್ಮದೊಳಗೆ ಕೂತಿದೆ. ಭೀಮ ಆಗ ನಮಗೆ ಬರೀ ದನಿ, ನೀರಿನ ಪದರ ದಾಟಿ ಬರುವ ದನಿ. ಕಾವ್ಯದ ನಾಯಕನನ್ನು ಬರಿಯ ದನಿಯಾಗಿಸಿ ಪ್ರತಿನಾಯಕನ ಮೈಯಲ್ಲಿ ಓದುಗನನ್ನು ಕೂರಿಸಿದ ಕವಿ ಕೈತಪ್ಪಿ ಹಾಗೆ ಮಾಡಿದನೆ?

ಆಕ್ಷೇಪಗಳಿವೆ, ಬಲವಾದವೇ. ಕಾವ್ಯದ ಆರಂಭದಲ್ಲಿ ದ್ರೌಪದಿ, ಭೀಮರೂ ಹಿಂದಿನದನ್ನು ನೆನೆಯುತ್ತಾರಲ್ಲ, ಅದು ಅವಲೋಕನವಲ್ಲವೆ ಎಂದು ಕೇಳಬಹುದು. ಅಲ್ಲಿನ ನೆನಪು ಸಾಲಪತ್ರವಿದ್ದಂತೆ, ವಸೂಲಿಗಾಗಿ ತೆಗೆದದ್ದು. ಜೂಜು, ಸೀರೆ, ಮುಡಿ ಒಂದೊಂದೂ ಮುಂದೆ ಮಾಡಬೇಕಾದ ಕೆಲಸಕ್ಕೆ ಕಾರಣ. ದುರ್ಯೋಧನನ ನೆನಪಿನಿಂದ ಆಗಬೇಕಾದ ಕೆಲಸ ಯಾವುದೂ ಉಳಿದಿಲ್ಲ, ಅದಕ್ಕೇ ಅದು ಪೂರ್ತಿ ನೋಟವಾಗುತ್ತದೆ. ಇನ್ನೊಂದು ಆಕ್ಷೇಪ ಪ್ರತಿಷ್ಠಿತರದ್ದು. ಗದಾಯುದ್ಧ ಮೂಲತಃ ನಾಟಕ, ಕಾವ್ಯದ ವೇಷದಲ್ಲಿದೆ, ಆದ್ದರಿಂದ ಅಲ್ಲಿ ನಿರೂಪಕನನ್ನು ಹುಡುಕುವುದೇ ವ್ಯರ್ಥ ಎಂಬುದು. ಭಟ್ಟನಾರಾಯಣನ ವೇಣೀಸಂಹಾರದ ಋಣ ರನ್ನನ ಮೇಲಿದೆ, ವಿದೂಷಕ ಕೂಡ ಬಂದಿದ್ದಾನೆ, ನಿಜ. ಬಿ.ಎಂ.ಶ್ರೀ. 1926ರಲ್ಲಿ ರನ್ನನ ಪದ್ಯಗಳನ್ನೇ ಬಹುಮಟ್ಟಿಗೆ ಹೆಣೆದು ಗದಾಯುದ್ಧ ನಾಟಕಂ ಮಾಡಿದಾಗ ದುರ್ಯೋಧನ ದುರಂತನಾಯಕನಾಗಿ ಕನ್ನಡಕ್ಕೆ ಹೊಸದಾಗಿ ಕಂಡ. ಅದರ ಋಣ ನನ್ನ ಪೀಳಿಗೆಯ ಮೇಲೂ ಇದೆ. ಆದರೆ ಆ ನಾಟಕವೇ ನನ್ನ ವಾದಕ್ಕೆ ಆಧಾರ. ರಂಗದ ಮೇಲೆ ಭೀಮನೂ ದುರ್ಯೋಧನನೂ ನಮ್ಮಿಂದ ಒಂದೇ ದೂರದಲ್ಲಿ ನಿಲ್ಲುತ್ತಾರೆ. ಸಂಭಾಷಣೆ ಉಳಿಯುತ್ತದೆ, ಹೆಣದಿಂದ ಹೆಣಕ್ಕೆ ಸರಿಯುವ ಕಣ್ಣು ಉಳಿಯುವುದಿಲ್ಲ. ನೀರೊಳಗಿನ ಬೆವರನ್ನು ರಂಗದ ಮೇಲೆ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ನಾಟಕವಾದಾಗ ಯಾವುದು ಕಳೆಯಿತೋ ಅದು ಕಾವ್ಯದಲ್ಲಿ ಇತ್ತು.

ಮೂರನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕೆರಳಿಸುವುದು. ದೃಷ್ಟಿಕೋನ ಎಂಬುದು ಕಾದಂಬರಿಯ ಜೊತೆ ಪಶ್ಚಿಮದಿಂದ ಬಂದ ಪರಿಕಲ್ಪನೆ, ಕನ್ನಡದಲ್ಲಿ ಅದನ್ನು ಅರಿತು ಬಳಸಿದವರು ನವ್ಯರು, ಹಳಬರಿಗೆ ಅದನ್ನು ಆರೋಪಿಸಬಾರದು ಎನ್ನುತ್ತಾರೆ. ಪಂಡಿತರ ಕಾವ್ಯವನ್ನು ಬಿಟ್ಟು, ಮುಧೋಳ ತಾಲೂಕಿನದೇ ಲಾವಣಿಯೊಂದನ್ನು ನೋಡೋಣ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷ್ ಸರ್ಕಾರದ ಕಾಯ್ದೆಗೆ ಹಲಗಲಿಯ ಬೇಡರು ಒಪ್ಪಲಿಲ್ಲ, ದಂಡು ಬಂದು ಊರನ್ನು ಸುಟ್ಟಿತು. ಆ ಲಾವಣಿಯ ಅಂಕಿತ ದೂರದ ಕುರ್ತಕೋಟಿಯ ಕಲ್ಮೇಶನದು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಫ್ಲೀಟ್. ಆದರೂ ಹಾಡಿನ ಕಣ್ಣು ಎಲ್ಲಿದೆ? ಕಾಳಗ ಮುಗಿದ ಮೇಲೆ ಅದು ಲೂಟಿಯಾದದ್ದನ್ನು ಎಣಿಸುತ್ತದೆ: ಉಪ್ಪು, ಎಣ್ಣಿ, ಅರಿಷಿಣ, ಬೆಲ್ಲ, ಕುಡಗೋಲು, ತಾಳಿ, ಬೀಸುವ ಕಲ್ಲು. ದಂಡಿನವರ ವರದಿಯಲ್ಲಿ ಬೀಸುವ ಕಲ್ಲಿಗೆ ಜಾಗವಿಲ್ಲ. ಊರಿನ ವೀರರನ್ನು ಮೆರೆಸುವುದಷ್ಟೇ ಹಾಡಿನ ಉದ್ದೇಶವಾಗಿದ್ದರೆ ಅಲ್ಲಿಯೂ ಅದಕ್ಕೆ ಜಾಗವಿರುತ್ತಿರಲಿಲ್ಲ. ಮರುದಿನ ಬೀಸಬೇಕಾದವಳ ಅಡುಗೆಮನೆಯಲ್ಲಿ ನಿಂತು ನೋಡಿದಾಗ ಮಾತ್ರ ಆ ಪಟ್ಟಿ ಹಾಗೆ ಬರುತ್ತದೆ. ಹಾಡಿದವನು ದೃಷ್ಟಿಕೋನ ಎಂಬ ಪದ ಕೇಳಿರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಅವನಿಗೆ ಗೊತ್ತಿತ್ತು.

ನವ್ಯರ ಸಾಧನೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯನ ಒಳಗೆ ನಾವು ನಡೆಯುವುದು ಸಣ್ಣ ಮಾತಲ್ಲ. ಆದರೆ ಒಬ್ಬನ ಪ್ರಜ್ಞೆಯೊಳಗೆ ಕೂತು ಜಗತ್ತನ್ನು ನೋಡುವುದು ಅವರಿಂದಲೇ ಶುರುವಾಯಿತೆಂದಾಗ ನಮ್ಮ ರುಚಿಯೇ ಒಂದು ಕಡೆ ಕುಂಟಾಯಿತು. ಹಳಗನ್ನಡವನ್ನು ರಸಕ್ಕೆ, ಅಲಂಕಾರಕ್ಕೆ, ಶಬ್ದಶಕ್ತಿಗೆ ಮೀಸಲಿಟ್ಟೆವು, ಕಥನದ ಕುಶಲತೆಯನ್ನು ಹೊಸಗನ್ನಡಕ್ಕೆ ಬರೆದುಕೊಟ್ಟೆವು. ಅದರ ಫಲವಾಗಿ ರನ್ನ ಶಕ್ತಿಕವಿಯಾಗಿ ಉಳಿದ, ವೇದಿಕೆಯ ಮೇಲೆ ಗಟ್ಟಿ ದನಿಯಲ್ಲಿ ಹೇಳುವುದಕ್ಕೆ ಒದಗುವ ಪದ್ಯಗಳ ಕವಿಯಾದ. ಮುಧೋಳ ಸೀಮೆಯ ಬೆಳಗಲಿ ಅವನ ಹೆಸರು ಹೊತ್ತು ಇಂದು ರನ್ನಬೆಳಗಲಿಯಾಗಿದೆ, ಆ ಅಭಿಮಾನ ಒಳ್ಳೆಯದು. ಆದರೆ ಪದ್ಯವನ್ನು ನಡಿಗೆಯಿಂದ ಕಿತ್ತು ತೋರಿಸಿದಾಗಲೆಲ್ಲ ಕೇಳುವವನಿಗೆ ಸಿಗುವುದು ಘೋಷಣೆ ಮಾತ್ರ. ಗೆಳೆಯನ ಹೆಣದ ಮುಂದೆ ಕಾಲು ನಿಂತವನು ಆಡಿದ ಮಾತಿಗೂ ಮೈಕಿನ ಮುಂದೆ ಮೊಳಗುವ ಮಾತಿಗೂ ಛಂದಸ್ಸು ಒಂದೇ, ಅರ್ಥ ಒಂದಲ್ಲ. ಇಂದಿನ ಕಥೆಗಾರರಲ್ಲಿ ಅನೇಕರು ಕರುಣೆ ಹುಟ್ಟಿಸಬೇಕಾದರೆ ‘ನಾನು’ ಎಂದು ಬರೆಯಲೇಬೇಕೆಂದು ನಂಬಿರುವುದೂ ಇದೇ ಮರೆವಿನಿಂದ. ದುರ್ಯೋಧನನ ಜೊತೆ ಅಷ್ಟು ದೂರ ನಡೆದರೂ ರನ್ನ ಅವನನ್ನು ‘ನಾನು’ ಆಗಿಸಲಿಲ್ಲ. ಮೂರನೆಯವನಾಗಿಯೇ ಉಳಿದು, ಒಂದು ಹೆಜ್ಜೆಯಷ್ಟು ಹಿಂದೆ ನಡೆದ.

ಹತ್ತನೆಯ ತರಗತಿಯ ‘ಸಿರಿ ಕನ್ನಡ’ದಲ್ಲಿ ದುರ್ಯೋಧನನ ಛಲದ ಪದ್ಯಗಳನ್ನೂ ಹಲಗಲಿಯ ಲಾವಣಿಯನ್ನೂ ಒಂದೇ ರಟ್ಟಿನೊಳಗೆ ಕೊಟ್ಟಿದ್ದಾರೆ. ಒಂದು ಚಾಲುಕ್ಯರ ಆಸ್ಥಾನದ ಚಂಪೂ, ಇನ್ನೊಂದು ಬಯಲಿನ ಹಾಡು. ಎರಡೂ ಸೋತವರ ಕಡೆ ನಿಂತು ಕಂಡವು, ಎರಡಕ್ಕೂ ಮುಧೋಳದ ನೆಲದ ನಂಟು. ಜಮಖಂಡಿ, ಬನಹಟ್ಟಿ, ಬೀಳಗಿಯ ಶಾಲೆಗಳಲ್ಲಿ ಎರಡನ್ನೂ ಬಾಯಿಪಾಠ ಮಾಡುವ ಮಕ್ಕಳಿಗೆ ಪದಗಳ ಅರ್ಥ ಕೇಳುವ ಮೊದಲು, ಇದನ್ನು ನೋಡುತ್ತಿರುವವರು ಯಾರು, ಎಲ್ಲಿ ನಿಂತಿದ್ದಾರೆ ಎಂದು ಕೇಳಿದರೆ ಬೆವರಿನ ಪದ್ಯವೂ ಬೀಸುವ ಕಲ್ಲೂ ಅವರಿಗೆ ಒಂದೇ ದಿನ ತಿಳಿದಾವು.